ಕಲ್ಲಿನ ಕೆಳಗಿನ ಪದರು



ಚಚಡಿಯಂಥ ಎರೆಹೊಲದ ಊರಿನ ಇಂಜಿನಿಯರ್ ಸಮ್ಮೇಳನದಲ್ಲಿ ಕಡಲ್ಕೊರೆತದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಮಲಪ್ರಭೆಯ ಕಾಲುವೆಯಲ್ಲಿದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಲೈನಿಂಗ್ ಎದ್ದು ಸೀಳುತ್ತದೆ. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಇದಕ್ಕೆ ಮದ್ದು ಕಂಡುಹಿಡಿದರು: ಎರೆಗೂ ಲೈನಿಂಗಿಗೂ ನಡುವೆ ಉಬ್ಬದ ಅಂಟುಮಣ್ಣಿನ ಒಂದು ಪದರು. ಸಿಎನ್‌ಎಸ್ ಎಂಬ ಹೆಸರಿನ ಈ ಉಪಾಯ ಮಲಪ್ರಭಾ ಕಾಲುವೆಯಲ್ಲಿ ಬಳಕೆಗೆ ಬಂತು. ಮುಂದೆ ಎರೆಭೂಮಿಯ ಕಾಲುವೆಗಳಿಗೆ ಭಾರತೀಯ ಮಾನಕದಲ್ಲೂ ಜಾಗ ಪಡೆಯಿತು.

ಕಡಲ ತಡೆಗೋಡೆಯ ಅಳಿವು ಉಳಿವು ಇಂಥದೇ ನಡುಪದರಿನ ಕೈಯಲ್ಲಿದೆ.

ಮೇಲಿನ ಬಂಡೆಗೆ ಲೆಕ್ಕವಿದೆ. ಹಡ್ಸನ್ ಸೂತ್ರದ ಪ್ರಕಾರ ಬಂಡೆಯ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. 1:2 ಇಳಿಜಾರಿನಲ್ಲಿ ಒರಟು ಗ್ರಾನೈಟ್ ಬಂಡೆ ಜೋಡಿಸಿದರೆ, ಮೈಮೇಲೆ ಒಡೆಯುವ 2 ಮೀಟರ್ ಅಲೆಗೆ ಸುಮಾರು 1.3 ಟನ್ ಸಾಕು. ಅಲೆ 4 ಮೀಟರ್ ಆದರೆ ಅದೇ ಬಂಡೆ ಎಂಟು ಪಟ್ಟು, ಅಂದರೆ 10 ಟನ್ನಿಗೂ ಹೆಚ್ಚು ತೂಗಬೇಕು. ಅಷ್ಟು ದೊಡ್ಡ ಕಲ್ಲು ಕ್ವಾರಿಯಲ್ಲಿ ಸಿಗದಾಗ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್ ಬರುತ್ತದೆ. 1950ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಅದು ಮುಂಬಯಿಯ ಮರೀನ್ ಡ್ರೈವ್ ನೋಡಿದವರಿಗೆಲ್ಲ ಪರಿಚಿತ.

ಆದರೆ ಎಷ್ಟೋ ಗೋಡೆಗಳು ಬಂಡೆ ಹಗುರಾದ್ದರಿಂದ ಬೀಳುವುದಿಲ್ಲ. ಅಲೆ ಏರಿದಾಗ ನೀರು ಕಲ್ಲಿನ ಸಂದಿಗೆ ನುಗ್ಗುತ್ತದೆ. ಇಳಿಯುವಾಗ ಹಿಂದಿನ ಮರಳನ್ನೂ ಎಳೆದುಕೊಂಡು ಹೊರಡುತ್ತದೆ. ಪ್ರತಿ ಅಲೆಗೂ ಒಂದು ಹಿಡಿ. ಹೊರಗಿನಿಂದ ಗೋಡೆ ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಪೊಳ್ಳಾಗಿ, ಒಂದು ಮಳೆಗಾಲದಲ್ಲಿ ಕುಸಿದು ಕೂರುತ್ತದೆ. ಅದಕ್ಕೇ ದೊಡ್ಡ ಬಂಡೆಯ ಕೆಳಗೆ ಅದರ ಹತ್ತನೇ ಒಂದರಷ್ಟು ತೂಕದ ಕಲ್ಲು, ಅದರಡಿ ಇನ್ನೂ ಸಣ್ಣದು, ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಇರಬೇಕು. ಬಟ್ಟೆ ನೀರನ್ನು ಬಿಡಬೇಕು, ಮರಳನ್ನು ಹಿಡಿಯಬೇಕು.

ಇನ್ನೊಂದು ನೋವಿನ ಜಾಗ ಗೋಡೆಯ ಬುಡ. ಅಲೆ ಗೋಡೆಗೆ ಬಡಿದು ಹಿಂತಿರುಗುವಾಗ ಪಾದದ ಮರಳನ್ನು ಕೆರೆಯುತ್ತದೆ. ನೆಟ್ಟಗೆ ನಿಂತ ಗೋಡೆಯ ಮುಂದೆ ಈ ಕೆರೆತ ಹೆಚ್ಚು, ಇಳಿಜಾರಿನ ಕಲ್ಲುಹೊದಿಕೆಯ ಮುಂದೆ ಕಡಿಮೆ. ಕೆರೆತದ ಆಳಕ್ಕಿಂತ ಕೆಳಗೆ ಬುಡ ಇಳಿಯದಿದ್ದರೆ ಮೇಲೆ ಎಷ್ಟು ಟನ್ ಹೇರಿದರೂ ವ್ಯರ್ಥ.

ಎಲ್ಲ ಸರಿಯಾಗಿ ಕಟ್ಟಿದರೂ ಗೋಡೆ ತನ್ನ ಹಿಂದಿನ ನೆಲವನ್ನಷ್ಟೇ ಕಾಯುತ್ತದೆ. ಮುಂದಿನ ಮರಳನ್ನು ಅದು ತರುವುದಿಲ್ಲ. ಗೋಡೆ ಮುಗಿದಲ್ಲಿ ಪಕ್ಕದವನ ತೆಂಗಿನ ತೋಟದ ಕೊರೆತ ಜೋರಾಗುತ್ತದೆ. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿನ ಅಲೆತಡೆ ಎದ್ದು, ದಕ್ಷಿಣದಿಂದ ಹರಿದು ಬರುತ್ತಿದ್ದ ಮರಳು ನಿಂತಿತು. ಊರಿನ ಮುಂದಿನ ಬೀಚು ಮಾಯವಾಗಿ ಕಲ್ಲಿನ ರಾಶಿ ಉಳಿಯಿತು.

ಕರ್ನಾಟಕದ ಕರಾವಳಿ ಈ ಪಾಠವನ್ನು ವರ್ಷ ವರ್ಷ ಬಂಡೆ ಸುರಿದು ಕಲಿಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಉಳ್ಳಾಲದ ಮುಂದೆ, ಅಲೆಯ ಕಸುವನ್ನು ದೂರದಲ್ಲೇ ಮುರಿಯಲು ನೀರೊಳಗಿನ ರೀಫ್‌ಗಳು ಬಂದವು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ 66 ಇರುವ ಮರವಂತೆಯಲ್ಲಿ ಮರಳು ಹಿಡಿಯಲು ಕಡಲೊಳಕ್ಕೆ ಚಾಚಿದ ಗ್ರಾಯ್ನ್‌ಗಳು ಬಂದವು. ಇಂಥ ಕಟ್ಟಡಗಳ ಮಾದರಿಯನ್ನು ಅಲೆತೊಟ್ಟಿಯಲ್ಲಿ ಇಟ್ಟು ಪರೀಕ್ಷಿಸುವ ಸೌಲಭ್ಯ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿದೆ.

ಆದ್ದರಿಂದ ಈ ಸಮ್ಮೇಳನ ಸರಕಾರದ ಮುಂದೆ ಮೂರು ಬೇಡಿಕೆ ಇಡಲಿ. ಟೆಂಡರಿನಲ್ಲಿ ಬಂಡೆಯ ಟನ್ನಿನ ಜೊತೆಗೆ ಅದರ ಕೆಳಗಿನ ಫಿಲ್ಟರ್ ಪದರಿಗೂ ಬುಡಕ್ಕೂ ಪ್ರತ್ಯೇಕ ಅಳತೆ, ಪ್ರತ್ಯೇಕ ತಪಾಸಣೆ ಇರಲಿ. ಕಾಮಗಾರಿಗೆ ಮೊದಲು ಆ ದಡದ ಮರಳಿನ ಚಲನೆಯನ್ನು ಮಳೆಗಾಲ, ಬೇಸಿಗೆ ಎರಡರಲ್ಲೂ ಅಳೆಯಲಿ. ಪ್ರತಿ ವರ್ಷ ಜೂನ್‌ಗೆ ಮುಂಚೆ ದುರಸ್ತಿಗೆ ಹಣ ತೆಗೆದಿಡಲಿ. ಮಲಪ್ರಭಾ ಕಾಲುವೆಯಲ್ಲಿ ಮಣ್ಣಿನ ಪದರನ್ನು ಅಳೆದು ಹಾಕಿಸಿದ ಸೀಮೆಯ ಇಂಜಿನಿಯರುಗಳು ಈ ಠರಾವಿಗೆ ಮೊದಲು ಕೈ ಎತ್ತಬೇಕೆಂದು ಕೋರಿಕೆ.