ನಡೆಯಬಲ್ಲ ಮಗುವಿಗೆ ಗಾಡಿ

ಕಳೆದ ಏಪ್ರಿಲ್ ತಿಂಗಳಿನಲ್ಲಿ, ನಮ್ಮ ಶಾಲೆಗೆ ಬೇಸಿಗೆಯ ರಜ ಬಂದ ವಾರದಲ್ಲಿಯೇ, ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ನನ್ನ ಮಗಳು ಗಂಡನನ್ನೂ ಮಗನನ್ನೂ ಕರೆದುಕೊಂಡು ಮೈಸೂರಿಗೆ ಬಂದಳು. ಮೊಮ್ಮಗನಿಗೆ ನಾಲ್ಕು ವರ್ಷ ತುಂಬಿ ಒಂದು ತಿಂಗಳಾಗಿತ್ತು. ಮನೆಯ ಮುಂದೆ ಟ್ಯಾಕ್ಸಿ ನಿಂತಾಗ ಮೊದಲು ಇಳಿದದ್ದು ಅಳಿಯ. ಅವರ ಹಿಂದೆ ಇಳಿದದ್ದು ಕೊಡೆಯಂತೆ ಮಡಿಚಿದ ಒಂದು ಗಾಡಿ. ಅದನ್ನು ಬಿಚ್ಚಿ ನಿಲ್ಲಿಸಿ, ನಿದ್ದೆಗಣ್ಣಿನ ಹುಡುಗನನ್ನು ಅದರಲ್ಲಿ ಕೂರಿಸಿ, ಪಟ್ಟಿ ಬಿಗಿದರು. ಹುಡುಗನ ಬಾಯಲ್ಲಿ ನೀಲಿ ಬಣ್ಣದ ನಿಪ್ಪಲ್ಲು. ಎದುರು ಮನೆಯ ಅಜ್ಜಿಯವರು ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದವರು ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹತ್ತಿರ ಬಂದರು. ಮಗುವನ್ನು ನೋಡಿದರು, ಗಾಡಿಯನ್ನು ನೋಡಿದರು, ತಗ್ಗಿದ ದನಿಯಲ್ಲಿ ನನ್ನ ಮಗಳನ್ನು ಕೇಳಿದರು: "ಏನಮ್ಮಾ, ಮಗೂಗೆ ಕಾಲಿಗೇನಾದ್ರೂ ಆಗಿದೆಯಾ?"

ಅವರು ಕನಿಕರದಿಂದಲೇ ಕೇಳಿದ್ದು. ಆದರೆ ಮಗಳ ಮುಖ ಸಪ್ಪಗಾಯಿತು. ನನ್ನ ಹೆಂಡತಿ ಪ್ರಯಾಣದ ಆಯಾಸವೆಂದು ಏನೋ ಹೇಳಿ ಎಲ್ಲರನ್ನೂ ಒಳಕ್ಕೆ ಕರೆದುಕೊಂಡಳು. ಆ ಪ್ರಶ್ನೆ ಮಾತ್ರ ಹೊರಗೆ ನಿಲ್ಲದೆ ನಮ್ಮೊಡನೆ ಒಳಗೆ ಬಂದು ಮೂರು ವಾರ ಮನೆಯಲ್ಲಿ ಇದ್ದಿತು.

ಮೊದಲು ಹೆಸರಿನ ಮಾತು. ಕನ್ನಡ ಪಂಡಿತನಾದವನಿಗೆ ವಸ್ತುವಿಗಿಂತ ಅದರ ಹೆಸರಿನ ಚಿಂತೆಯೇ ಮುಂದು. ಅವರ ದೇಶದಲ್ಲಿ ಇದು 'ಪುಷ್‌ಚೇರ್', 'ಬಗ್ಗಿ' ಎಂದೂ ಉಂಟು; ಅಮೆರಿಕದವರಿಗೆ 'ಸ್ಟ್ರೋಲರ್', ನಮ್ಮ ಅಂಗಡಿಗಳಲ್ಲಿಯೂ ಈಗ ಅದೇ ಹೆಸರು. ತಳ್ಳುಗಾಡಿ ಎಂದುಬಿಡೋಣವೆಂದರೆ ಆ ಹೆಸರು ನಮ್ಮಲ್ಲಿ ಸೊಪ್ಪು, ಸೌತೆಕಾಯಿ, ಬಾಳೆಹಣ್ಣು ಮಾರುವವರ ಪಾಲಿಗೆ ಹಿಂದೆಯೇ ಹೋಗಿದೆ. ನಾನು ಒಮ್ಮೆ ಹಾಗೆಂದದ್ದಕ್ಕೆ ಮಗಳು "ಅಪ್ಪಾ, ನನ್ನ ಮಗ ಸೌತೆಕಾಯಿಯಲ್ಲ" ಎಂದಳು. ಆದ್ದರಿಂದ ಕೂಸಿನ ಗಾಡಿ ಎಂದೇ ಕರೆಯುತ್ತೇನೆ, ಕೂರುವಾತ ಕೂಸಲ್ಲದಿದ್ದರೂ ಸರಿಯೆ. ಇನ್ನು ನಿಪ್ಪಲ್ಲಿಗೆ ಅವರಲ್ಲಿ 'ಡಮ್ಮಿ' ಎಂದು ಹೆಸರು. ಎಂದರೆ ಹುಸಿಯದು, ಸೋಗಿನದು. ಹಾಲಿಲ್ಲದ ತೊಟ್ಟಿಗೆ ಒಪ್ಪುವ ಹೆಸರು.

ಗಾಡಿಗೆ ಇತಿಹಾಸವೂ ಉಂಟು. ೧೭೩೩ರಲ್ಲಿ ಡೆವನ್‌ಷೈರಿನ ಡ್ಯೂಕನ ಮಕ್ಕಳಿಗಾಗಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಪುಟ್ಟದೊಂದು ರಥವನ್ನೇ ಮಾಡಿಕೊಟ್ಟನೆಂದೂ, ಅದನ್ನು ಎಳೆಯುವುದಕ್ಕೆ ಆಡೋ ಚಿಕ್ಕ ಕುದುರೆಯೋ ಬೇಕಾಗಿತ್ತೆಂದೂ ಹೇಳುತ್ತಾರೆ. ಅದು ಶ್ರೀಮಂತರ ಆಟ. ಎಲ್ಲರ ಕೈಗೂ ಬಂದ ಗಾಡಿ ಬೇರೆ. ಓವನ್ ಮೆಕ್ಲಾರೆನ್ ಎಂಬ ಇಂಜಿನಿಯರು, ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಇಳಿಗಾಲಿಗಳ ಕೆಲಸ ಮಾಡಿದಾತ, ತನ್ನ ಮಗಳು ಎಳೆಯ ಮೊಮ್ಮಗುವನ್ನೂ ಭಾರವಾದ ಗಾಡಿಯನ್ನೂ ಹೊತ್ತು ಊರಿಂದೂರಿಗೆ ಪಡುವ ಪಾಡನ್ನು ನೋಡಿದನಂತೆ. ನೋಡಿ, ೧೯೬೫ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ, ಕೊಡೆಯಂತೆ ಮಡಿಚಿ ಕೈಯಲ್ಲಿ ಹಿಡಿಯಬಹುದಾದ ಹಗುರ ಗಾಡಿಯನ್ನು ರೂಪಿಸಿದನು. ವಿಮಾನದ ಗಾಲಿ ಒಳಕ್ಕೆ ಮಡಿಚಿಕೊಳ್ಳುವ ಜಾಣ್ಮೆ ಮಗುವಿನ ಗಾಡಿಗೆ ಬಂತು. ಆತನೂ ಒಬ್ಬ ಅಜ್ಜ ಎಂಬುದು ನನಗೆ ಹಿಡಿಸಿತು.

ಇನ್ನು ನಮ್ಮ ಮನೆಯ ವಾದಕ್ಕೆ ಬರೋಣ. ಎರಡು ಪಕ್ಷಗಳಿದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಅಳಿಯನಿಗೆ ಗಾಡಿಯೆಂದರೆ ಆಗದು: ನಾಲ್ಕು ವರ್ಷದ ಹುಡುಗ ನಡೆಯಬೇಕು, ಬೀಳಬೇಕು, ದಣಿಯಬೇಕು. ಆದರೆ ನಿಪ್ಪಲ್ಲಿನ ವಿಷಯದಲ್ಲಿ ಆತ ಉದಾರಿ. ರಾತ್ರಿ ಮಗು ಮಲಗಿದರೆ ಸಾಕು. ಮಗಳಿಗೆ ನಿಪ್ಪಲ್ಲಿನಿಂದ ನಾಚಿಕೆ, ಗಾಡಿಯಿಂದ ಇಲ್ಲ. ನನ್ನ ಹೆಂಡತಿಗೆ ಎರಡೂ ಕೂಡದು. ಆದರೆ ಆಕೆ ಅದೇ ಹುಡುಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳದಲ್ಲಿ ಓಡಾಡುತ್ತ, ಕಾಗೆಯನ್ನೂ ಅಳಿಲನ್ನೂ ತೋರಿಸುತ್ತ, ಮೊಸರನ್ನದ ತುತ್ತುಗಳನ್ನು ಬಾಯಿಗಿಡುತ್ತಿದ್ದಳು. "ಅಮ್ಮಾ, ಇದು ಗಾಡಿಯಲ್ಲವೇ?" ಎಂದು ಮಗಳು ಕೇಳಿದರೆ, "ಇದು ನಾನು ಕಣೇ" ಎಂದು ಉತ್ತರ ಬಂತು. ಈ ಉತ್ತರಕ್ಕೆ ಪ್ರತ್ಯುತ್ತರ ನನಗೆ ಇನ್ನೂ ಹೊಳೆದಿಲ್ಲ.

ಮಗಳ ವಾದವನ್ನು ಕೇಳಿ. ಅವಳ ಮನೆಯಿಂದ ಶಿಶುವಿಹಾರಕ್ಕೆ ಒಂದೂವರೆ ಮೈಲಿ. ಚಳಿಗಾಲದ ಬೆಳಗ್ಗೆ ಎಂಟು ಗಂಟೆಗೂ ಮಬ್ಬುಗತ್ತಲೆ, ಮೇಲೆ ಜಿನುಗುಮಳೆ. ಮಗುವನ್ನು ಅಲ್ಲಿ ಬಿಟ್ಟು ಕೆಲಸದ ಬಸ್ಸನ್ನು ಹಿಡಿಯಬೇಕು. ನಾಲ್ಕು ವರ್ಷದ ಮಗು ನಡೆಯುತ್ತದೆ ನಿಜ. ಆದರೆ ಅದು ದಾರಿಯನ್ನು ನಡೆಯುವುದಿಲ್ಲ, ದಾರಿಯಲ್ಲಿ ನಡೆಯುತ್ತದೆ. ಎಲೆಗೆ ನಿಲ್ಲುತ್ತದೆ, ಬಸವನಹುಳುವಿಗೆ ನಿಲ್ಲುತ್ತದೆ. ಸಂಜೆ ಮರಳುವಾಗ ಒಂದು ಕೈಯಲ್ಲಿ ದಿನಸಿಯ ಚೀಲ. ಮಗು ಅರ್ಧ ದಾರಿಯಲ್ಲಿ ಕುಳಿತುಬಿಟ್ಟರೆ ಎತ್ತಿಕೊಳ್ಳಲು ಅಲ್ಲಿ ಅಜ್ಜಿಯಿಲ್ಲ, ಚಿಕ್ಕಮ್ಮನಿಲ್ಲ, ಆಟೋ ಇಲ್ಲ. "ಗಾಡಿಯಲ್ಲಿ ಕೂರೋದು ಅವನ ಸೋಮಾರಿತನ ಅಲ್ಲಪ್ಪಾ, ನನ್ನ ಎಂಟೂ ಇಪ್ಪತ್ತರ ಬಸ್ಸು" ಎಂದಳು. ಬೀದಿಯಲ್ಲಿ ಅಪರಿಚಿತರು ಕೂಡ ನೋಡಿ ನಗುತ್ತಾರಂತೆ, 'ಇಷ್ಟು ದೊಡ್ಡವನಿಗೆ ಗಾಡಿಯೇ' ಎನ್ನುತ್ತಾರಂತೆ. ಎದುರು ಮನೆಯ ಅಜ್ಜಿಯವರು ಆ ದೇಶದಲ್ಲಿಯೂ ಇದ್ದಾರೆಂದಾಯಿತು.

ನಮ್ಮಲ್ಲಿ ಗಾಡಿ ಇಲ್ಲದಿರುವುದಕ್ಕೆ ನಮ್ಮ ಮಕ್ಕಳ ಕಾಲಿನ ಬಲ ಕಾರಣವೆಂದು ನಾನು ತಿಳಿದಿದ್ದೆ. ಒಂದು ಸಂಜೆ ಗಾಡಿಯನ್ನು ನಾನೇ ತಳ್ಳಿಕೊಂಡು ಹೊರಟೆ. ನೂರು ಗಜ ಹೋಗುವುದರೊಳಗೆ ಕಾಲುದಾರಿಯ ಮೇಲೆ ನಾಲ್ಕು ಸ್ಕೂಟರುಗಳು, ಒಂದು ಮರಳಿನ ಗುಡ್ಡೆ, ಚರಂಡಿಯ ಮೇಲೆ ಬಾಯಿಬಿಟ್ಟ ಒಂದು ಚಪ್ಪಡಿ, ಮಲಗಿದ ಒಂದು ಹಸು. ಪ್ರತಿಯೊಂದಕ್ಕೂ ಗಾಡಿಯನ್ನು ಮಗುಸಮೇತ ಎತ್ತಿ ರಸ್ತೆಗಿಳಿಸಿ ಮತ್ತೆ ಎತ್ತಿ ಮೇಲಿಡಬೇಕು. ಕಡೆಗೆ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಖಾಲಿ ಗಾಡಿಯನ್ನು ಎಳೆದುಕೊಂಡು ಬಂದೆ. ಕಂಕುಳು ನಮ್ಮ ಸಂಸ್ಕೃತಿಯೆಂದು ಹೆಮ್ಮೆಪಡುತ್ತೇವೆ. ಅರ್ಧ ಪಾಲು ಅದು ನಮ್ಮ ಚರಂಡಿಯ ಚಪ್ಪಡಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮಾತ್ರ ಗಾಡಿ ಸುಖವಾಗಿ ಹೋಯಿತು. ಅಲ್ಲಿ ಹುಡುಗ ಕೂರಲೇ ಇಲ್ಲ. ನನ್ನ ಕೊಡೆಯನ್ನೂ ನೀರಿನ ಸೀಸೆಯನ್ನೂ ಅದರಲ್ಲಿ ಕೂರಿಸಿ ತಾನೇ ತಳ್ಳಿದನು.

ಎಷ್ಟು ವರ್ಷದವರೆಗೆ ಮಗು ಮಗುವಾಗಿರಬಹುದು? ಅಮರಕೋಶವನ್ನು ಕಲಿತವರು ಬಲ್ಲರು: ಅಲ್ಲಿ ಎಳೆಯ ಕೂಸಿಗೆ ಉತ್ತಾನಶಯ, ಸ್ತನಂಧಯ ಎಂಬ ಹೆಸರುಗಳಿವೆ, ಅಂಗಾತ ಮಲಗಿರುವುದು, ಮೊಲೆಯುಣ್ಣುವುದು ಎಂದು ಅರ್ಥ. ಮಗು ಮಾಡುವ ಕೆಲಸದಿಂದ ಹೆಸರು, ತಿಂಗಳ ಲೆಕ್ಕದಿಂದಲ್ಲ. ಕನ್ನಡದ ಹಸುಗೂಸು, ಕೈಗೂಸುಗಳೂ ಹಾಗೆಯೇ. ಐದು ವರ್ಷದವರೆಗೆ ಲಾಲನೆ, ಅನಂತರ ತಾಡನೆ ಎಂಬ ನೀತಿಯ ಮಾತೂ ಉಂಟು. ನನ್ನ ಹೆಂಡತಿ ಅದರ ಮೊದಲ ಅರ್ಧವನ್ನು ತನ್ನ ಸೊಂಟದ ಪರವಾಗಿ ಎತ್ತಿ ಹೇಳಿದಳು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೯ರಲ್ಲಿ ಲೆಕ್ಕವನ್ನೇ ಕೊಟ್ಟಿದ್ದಾರೆ: ಐದು ವರ್ಷದೊಳಗಿನ ಮಗುವನ್ನು ಒಂದೇ ಸಲಕ್ಕೆ ೧ ಗಂಟೆಗಿಂತ ಹೆಚ್ಚಾಗಿ ಗಾಡಿಯಲ್ಲಿ ಕಟ್ಟಿ ಕೂರಿಸಬಾರದು, ಮೂರು ನಾಲ್ಕು ವರ್ಷದವರು ದಿನಕ್ಕೆ ೧೮೦ ನಿಮಿಷವಾದರೂ ಓಡಿಯಾಡಿಕೊಂಡಿರಬೇಕು. ಗಾಡಿಯೇ ಬೇಡವೆಂದು ಅವರು ಹೇಳಿಲ್ಲ. ಬೆನ್ನಿಗೆ ಕಟ್ಟಿಕೊಳ್ಳುವುದನ್ನೂ ಆ ಒಂದು ಗಂಟೆಯ ಲೆಕ್ಕಕ್ಕೇ ಸೇರಿಸಿದ್ದಾರೆ. ಇದನ್ನು ಗಟ್ಟಿಯಾಗಿ ಓದಿ ಹೇಳಿದೆ. "ಸೊಂಟ ಅಂತ ಬರೆದಿಲ್ಲವಲ್ಲ" ಎಂದಳು ನನ್ನಾಕೆ.

ನಿಪ್ಪಲ್ಲಿನ ವಿಚಾರದಲ್ಲಿ ವೈದ್ಯರ ಮಾತೇ ಕಾಲಕಾಲಕ್ಕೆ ತಿರುಗಿದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಎಂಬ ಡಾಕ್ಟರು ಅದನ್ನು ಕಟುವಾಗಿ ಖಂಡಿಸಿದರು. ಇಂಗ್ಲೆಂಡಿನ ಎಷ್ಟೋ ತಾಯಂದಿರು ಅವರ ಮಾತಿಗೆ ಹೆದರಿ ನಡೆದರು. ೧೯೮೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಹೆರಿಗೆಯ ಆಸ್ಪತ್ರೆಗಳಿಗೆ ಹತ್ತು ಸೂತ್ರಗಳನ್ನು ಹಾಕಿಕೊಟ್ಟಾಗ, ಎದೆಹಾಲುಣ್ಣುವ ಶಿಶುವಿಗೆ ನಿಪ್ಪಲ್ಲನ್ನು ಕೊಡಲೇಬಾರದೆಂದು ಒಂದು ಸೂತ್ರವಿತ್ತು. ೨೦೧೮ರಲ್ಲಿ ಅದನ್ನು ಸಡಿಲಿಸಿ, ಅದರಿಂದಾಗುವ ತೊಂದರೆಯನ್ನು ತಾಯಿಗೆ ತಿಳಿಸಿಹೇಳಿರಿ ಎಂದು ಮಾಡಿದರು. ಈ ನಡುವೆ, ಒಂದು ವರ್ಷದೊಳಗಿನ ಶಿಶು ಮಲಗುವಾಗ ನಿಪ್ಪಲ್ಲು ಚೀಪಿದರೆ ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಅಪಾಯ ಕಡಿಮೆಯೆಂದು ಕಂಡುಬಂದು, ಅಮೆರಿಕದ ಮಕ್ಕಳ ವೈದ್ಯರ ಸಂಘ ೨೦೦೫ರಿಂದ ಅದನ್ನು ಕೊಡಬಹುದೆಂದೇ ಹೇಳುತ್ತ ಬಂದಿದೆ. ಆದರೆ ಇದು ಶಿಶುವಿನ ಮಾತು. ಮೂರು ನಾಲ್ಕು ವರ್ಷದ ಮೇಲೂ ಚೀಪುತ್ತಿದ್ದರೆ ಮೇಲಿನ ಮುಂಬಲ್ಲುಗಳು ಮುಂದಕ್ಕೆ ಬರುತ್ತವೆ, ಮೇಲು ಕೆಳಗಿನ ಹಲ್ಲುಗಳು ಒಂದಕ್ಕೊಂದು ಮುಟ್ಟದೆ ಸಂದುಬಿಡುತ್ತದೆ. ಕಿವಿಯ ಸೋಂಕೂ ಹೆಚ್ಚು. ಹಾಲುಹಲ್ಲು ಬೀಳುವ ಮೊದಲೇ ಬಿಟ್ಟರೆ ಬಹುಪಾಲು ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ.

ಇದನ್ನೆಲ್ಲ ಒಂದು ರಾತ್ರಿ, ಕರೆಂಟು ಹೋಗಿ ಜಗಲಿಯ ಮೇಲೆ ಕುಳಿತಿದ್ದಾಗ, ಮಗಳಿಗೆ ಪಾಠದಂತೆ ಒಪ್ಪಿಸಿದೆ. ಜೊತೆಗೆ ನನ್ನ ಉದಾಹರಣೆಯನ್ನೂ ಸೇರಿಸಿದೆ. ೧೯೯೮ರಲ್ಲಿ ನನಗೆ ಹಾಸನ ಜಿಲ್ಲೆಯ ಒಂದು ಊರಿಗೆ ವರ್ಗವಾಯಿತು. ಮಗಳಿಗೆ ಆಗ ಐದು ವರ್ಷ. ಆ ಊರಿಗೆ ಹೋದಮೇಲೆ ಅವಳು ಹೆಬ್ಬೆರಳು ಚೀಪಲು ತೊಡಗಿದಳು. ಬೇವಿನ ಸೊಪ್ಪನ್ನು ಅರೆದು ಹಚ್ಚಿದೆ, ಒರೆಸಿಕೊಂಡು ಚೀಪಿದಳು. ಹಾಗಲಕಾಯಿಯ ರಸ ಹಚ್ಚಿದೆ. ಕಡೆಗೆ ನನ್ನ ಹಳೆಯ ಪಂಚೆಯ ಚೂರಿನಿಂದ ಒಂದು ಗವಸನ್ನು ಹೊಲಿಸಿ ರಾತ್ರಿ ಮಣಿಕಟ್ಟಿಗೆ ಕಟ್ಟಿದೆ. ಒಂದು ತಿಂಗಳಿಗೆ ಬಿಟ್ಟಳು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಇದನ್ನು ಹೇಳಿಕೊಂಡು ಬಂದಿದ್ದೇನೆ. ಶಾಲೆಯ ಪೋಷಕರ ಸಭೆಯಲ್ಲಿಯೂ ಹೇಳಿದ್ದೇನೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಪ್ಪಾ, ನಾನು ಬಿಟ್ಟದ್ದು ಏಳನೇ ಕ್ಲಾಸಿನಲ್ಲಿ" ಎಂದಳು. "ಗೋಡೆ ಕಡೆ ತಿರುಗಿಕೊಂಡು, ಹೊದಿಕೆಯ ಒಳಗೆ. ನಿಮ್ಮ ಹೆಜ್ಜೆ ಸಪ್ಪಳ ಕೇಳಿದರೆ ತೆಗೀತಿದ್ದೆ. ಅಜ್ಜಿ ಮೈಸೂರಿನಲ್ಲೇ ಉಳಿದರಲ್ಲ, ಅವರ ಪಕ್ಕದಲ್ಲಿ ಮಲಗಿ ಅಭ್ಯಾಸ ನನಗೆ. ನಿದ್ದೆ ಬರ್ತಿರಲಿಲ್ಲ. ಯಾಕೆ ಚೀಪ್ತೀಯ ಅಂತ ನೀವು ಬೈದಿರಿ, ಯಾಕೆ ಅಂತ ಕೇಳಲಿಲ್ಲ."

ಅವಳ ಮೇಲುಹಲ್ಲುಗಳು ಸ್ವಲ್ಪ ಮುಂದಕ್ಕಿವೆ. ಅದು ನನ್ನ ತಾಯಿಯ ಕಡೆಯ ಗುರುತೆಂದು ನಾನು ಎಷ್ಟೋ ಸಲ ಹೇಳಿದ್ದುಂಟು. ಕತ್ತಲೆಯಲ್ಲಿ ಆ ಹಲ್ಲುಗಳು ನನಗೆ ಕಾಣುತ್ತಿರಲಿಲ್ಲ. ಆದರೂ ಅವನ್ನೇ ನೋಡುತ್ತ ಕುಳಿತಂತಾಯಿತು.

ಡೊನಾಲ್ಡ್ ವಿನಿಕಾಟ್ ಎಂಬ ಇಂಗ್ಲಿಷ್ ಮಕ್ಕಳ ವೈದ್ಯರು ೧೯೪೦ರ ದಶಕದಿಂದ ಮೊದಲ್ಗೊಂಡು ಬಿ.ಬಿ.ಸಿ. ರೇಡಿಯೋದಲ್ಲಿ ತಾಯಂದಿರಿಗಾಗಿ ಹಲವು ಭಾಷಣಗಳನ್ನು ಮಾಡಿದರು. ಮಗು ತಾಯಿಯನ್ನು ಬಿಟ್ಟು ಹೊರ ಜಗತ್ತಿಗೆ ಹೋಗುವ ದಾರಿಯಲ್ಲಿ ಒಂದು ಬಟ್ಟೆಯ ತುದಿಯನ್ನೋ ಬೊಂಬೆಯನ್ನೋ ಕೈಯಲ್ಲಿ ಹಿಡಿದುಕೊಂಡು ಹೋಗುತ್ತದೆ, ಅದು ನಡುದಾರಿಯ ಊರುಗೋಲು ಎಂಬುದು ಅವರು ೧೯೫೧ರಲ್ಲಿ ವಿವರಿಸಿದ ವಿಚಾರದ ಸಾರ. ಇದನ್ನು ನಾನು ಓದಿದ್ದು ಬಿ.ಎಡ್. ಪರೀಕ್ಷೆಗೆ. ನೆನಪಾದದ್ದು ಆ ರಾತ್ರಿ.

ಮೂರು ವಾರ ಕಳೆದು ಅವರು ಹೊರಟರು. ವಾದ ಯಾರ ಕಡೆಗೂ ತೀರ್ಮಾನವಾಗಲಿಲ್ಲ. ಸೆಪ್ಟೆಂಬರಿನಲ್ಲಿ ಹುಡುಗ ಶಾಲೆಗೆ ಸೇರುತ್ತಾನೆ. ಶಾಲೆ ಮನೆಯ ಮಗ್ಗುಲಿಗೇ ಇದೆಯಂತೆ, ಆಗ ಗಾಡಿಯ ಮಾತು ತಾನಾಗಿ ಹೋಗುತ್ತದೆ. ನಿಪ್ಪಲ್ಲನ್ನು ಹಗಲು ಕೊಡುವುದಿಲ್ಲವೆಂದು ಗಂಡ ಹೆಂಡಿರು ಒಪ್ಪಿಕೊಂಡಿದ್ದಾರೆ, ರಾತ್ರಿಗೆ ಇನ್ನೂ ಉಂಟು. ಹೊರಡುವ ದಿನ ಎದುರು ಮನೆಯ ಅಜ್ಜಿಯವರು ಬಂದು ಹುಡುಗನ ಕೈಗೆ ಚನ್ನಪಟ್ಟಣದ ಒಂದು ಮರದ ಗಾಡಿಯನ್ನು ಕೊಟ್ಟರು, ದಾರವನ್ನು ಕಟ್ಟಿ ಎಳೆಯುವಂಥದು. ಅವನು ಅದನ್ನು ತನ್ನ ಗಾಡಿಯಲ್ಲಿ ಕೂರಿಸಿ ಪಟ್ಟಿ ಬಿಗಿದನು.

ಪ್ರತಿ ಭಾನುವಾರ ಅವರ ಫೋನು ಬರುತ್ತದೆ. "ಬಿಟ್ಟನೇನೇ?" ಎಂಬುದೇ ನನ್ನ ಹೆಂಡತಿಯ ಮೊದಲ ಪ್ರಶ್ನೆ. ನಾನು ಅದನ್ನು ಕೇಳುವುದಿಲ್ಲ. ರಾತ್ರಿ ಅವನು ಯಾರ ಪಕ್ಕದಲ್ಲಿ ಮಲಗುತ್ತಾನೆ, ದೀಪ ಇರುತ್ತದೆಯೇ ಎಂದು ಕೇಳುತ್ತೇನೆ.