ಮೊದಲು ಮೈ ತಣಿಸಿ, ಆಮೇಲೆ ಗಾಡಿ ಹತ್ತಿಸಿ

(ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೂ ಅವರ ಜೊತೆ ಬಂದವರಿಗೂ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ಇಂದು ಬಿಸಿಲಿನ ಕಾಯಿಲೆಯ ಬಗ್ಗೆ ಮಾತು ಎಂದಾಗ ಹಿಂದಿನ ಬೆಂಚಿನಲ್ಲಿ ಕೆಲವರು ನಕ್ಕಿದ್ದು ಕಾಣಿಸಿತು. ‘ಅದು ರಾಯಚೂರು, ಕಲಬುರಗಿಯವರ ಪಾಡು, ನಮ್ಮ ಹಾಸನ ಬಡವರ ಊಟಿ ಅಲ್ಲವೇ ಡಾಕ್ಟ್ರೇ’ ಎಂದು ನಿಮ್ಮ ಮನಸ್ಸಿನಲ್ಲಿರಬಹುದು. ಆದರೆ ಸಕಲೇಶಪುರದ ಮಳೆ ಅರಸೀಕೆರೆಗೆ ಬರುವುದಿಲ್ಲ. ನಮ್ಮದು ರಾಗಿ, ತೆಂಗಿನ ಒಣಸೀಮೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಎಷ್ಟು ಕಾದಿರುತ್ತದೆ ಎಂಬುದನ್ನು ಬರಿಗಾಲಲ್ಲಿ ಹತ್ತಿದವರನ್ನು ಕೇಳಿದರೆ ಹೇಳುತ್ತಾರೆ. ತಲೆಯ ಮೇಲೆ ಮೂಟೆ ಹೊತ್ತು ಹತ್ತುವವರನ್ನಂತೂ ಕೇಳುವುದೇ ಬೇಡ.

ಕಲಬುರಗಿ ಕಡೆಯವರಿಗೆ ಬಿಸಿಲು ಶತ್ರುವೆಂದು ಗೊತ್ತಿದೆ, ಸರ್ಕಾರಕ್ಕೂ ಗೊತ್ತಿದೆ. 2025ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆದವು. ನಮ್ಮ ಜಿಲ್ಲೆಗೆ ಅಂಥ ಆದೇಶವಿರಲಿಲ್ಲ. ಬಯಲುಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟದಿದ್ದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಅದು ಬಿಸಿಗಾಳಿಯೇ ಅಲ್ಲ. ಆದ್ದರಿಂದ 35, 36 ಡಿಗ್ರಿಯಲ್ಲಿ ದುಡಿಯುವ ನಮಗೆ ಯಾರೂ ಎಚ್ಚರಿಕೆ ಕೊಡುವುದಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ತೆರೆದ ಮೈದಾನದ ಸಮಾರಂಭಕ್ಕೆ ಬಂದು ಕುಳಿತಿದ್ದವರಲ್ಲಿ ಹತ್ತಕ್ಕೂ ಹೆಚ್ಚು ಜನ ಬಿಸಿಲ ಹೊಡೆತಕ್ಕೆ ಸತ್ತರು. ಅಂದೂ ಅಲ್ಲಿ 40 ಡಿಗ್ರಿ ಆಗಿರಲಿಲ್ಲ. ಅವರು ದುಡಿಯುತ್ತಲೂ ಇರಲಿಲ್ಲ, ಬರೀ ಕುಳಿತಿದ್ದರು.

ದುಡಿಯುವ ಮೈ ತಾನೇ ಒಂದು ಒಲೆ. ಹಾರೆ ಎತ್ತಿ ಅಗೆಯುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಕೆಲಸಕ್ಕೆ ಹೋಗುತ್ತದೆ, ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ದಾರಿ ಬೆವರು. ಬೆವರು ಸುರಿದರೆ ಸಾಲದು, ಅದು ಆರಬೇಕು. ಮಳೆ ಬಂದು ನಿಂತ ಮರುದಿನದ ಸೆಕೆಯಲ್ಲಿ ಅದು ಆರುವುದಿಲ್ಲ. ದಾಸೋಹದ ದೊಡ್ಡ ಒಲೆಗಳ ಮುಂದೆ ಹಬೆಯಲ್ಲಿ ನಿಂತು ಅನ್ನ ಬಸಿಯುವವರಿಗೂ ಆರುವುದಿಲ್ಲ. ಹೆಂಚಿನ ಕೆಳಗಿನ ಅಟ್ಟಕ್ಕೆ ಹತ್ತಿ ಕೊಬ್ಬರಿ ಇಳಿಸುವವರು ನೆರಳಿನಲ್ಲೇ ಇರುತ್ತಾರೆ, ಆದರೂ ಬೇಯುತ್ತಾರೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ 3 ಕಿ.ಮೀ.ಗಿಂತ ಆಳಕ್ಕೆ ಇಳಿದಿತ್ತು. ಸೂರ್ಯನನ್ನೇ ಕಾಣದ ಆ ಜಾಗದಲ್ಲಿ ಬಂಡೆಯ ಕಾವಿಗೆ ಜನ ಬೆವರು ಸುರಿಸಿ ದುಡಿದರು. ಬಿಸಿಲಿನ ಕಾಯಿಲೆಗೆ ಬಿಸಿಲೇ ಬೇಕೆಂದಿಲ್ಲ.

ಗಣಿಯ ಮಾತು ಬಂದುದರಿಂದ ಇನ್ನೊಂದು ವಿಷಯ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ 1920ರ ದಶಕದಲ್ಲಿ ಉಷ್ಣಾಘಾತದಿಂದ ಕಾರ್ಮಿಕರು ಸಾಯತೊಡಗಿದ ಮೇಲೆ, ಹೊಸಬರನ್ನು ಮೊದಲ ದಿನವೇ ಪೂರ್ತಿ ಕೆಲಸಕ್ಕೆ ಇಳಿಸದೆ ಸ್ವಲ್ಪ ಸ್ವಲ್ಪವಾಗಿ ಕಾವಿಗೆ ಒಗ್ಗಿಸುವ ಕ್ರಮವನ್ನು ಅಲ್ಲಿ ತಂದರು. ದೇಹ ಒಗ್ಗಲು ಒಂದರಿಂದ ಎರಡು ವಾರ ಬೇಕು. ಒಂದೆರಡು ವಾರ ಬಿಟ್ಟರೆ ಗಳಿಸಿದ್ದು ಕಳೆದುಹೋಗುತ್ತದೆ. ಕೆಲಸದ ಜಾಗದಲ್ಲಿ ಬಿಸಿಯಿಂದ ಆಗುವ ಸಾವುಗಳಲ್ಲಿ ಹೆಚ್ಚಿನವು ಮೊದಲ ಕೆಲವು ದಿನಗಳಲ್ಲೇ ಆಗುತ್ತವೆ. ಪರೀಕ್ಷೆ ಮುಗಿಸಿ ಕಾಸು ಸಂಪಾದಿಸಲು ಗಾರೆ ಕೆಲಸಕ್ಕೆ ಹೋಗುವ ಹುಡುಗನ ಮೇಲೆ ಕಣ್ಣಿಡಿ. ಮೊದಲ ದಿನ ಉಳಿದವರ ಐದನೇ ಒಂದು ಪಾಲು ಕೆಲಸ, ದಿನಕ್ಕೆ ಅಷ್ಟಷ್ಟೇ ಹೆಚ್ಚು. ಮೇಸ್ತ್ರಿಗಳು ಇದನ್ನು ಸೋಮಾರಿತನ ಎನ್ನಬಾರದು.

ಇದು ನಿಮಗೂ ಅನ್ವಯಿಸುತ್ತದೆ. ಇಲ್ಲಿ ಹತ್ತು ದಿನ ಮಲಗಿ ಎದ್ದ ನೀವು ಈಗ ಕಾವಿನ ಮಟ್ಟಿಗೆ ಹೊಸಬರೇ. ಬಿಲ್ಲಿನ ಚಿಂತೆ, ಸಾಲದ ಚಿಂತೆ ಇರುತ್ತದೆ, ನನಗೆ ಗೊತ್ತು. ಡಿಸ್ಚಾರ್ಜ್ ಆದ ಮರುದಿನವೇ ಕಾಯಿ ಸುಲಿಯಲು ಹೊರಡುವವರನ್ನು ಮನೆಯವರು ತಡೆಯಿರಿ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು, ನೆಗಡಿ ಅಲರ್ಜಿಯ ಕೆಲವು ಮಾತ್ರೆಗಳು ದೇಹ ತಣಿಯುವ ಶಕ್ತಿಯನ್ನು ಕುಗ್ಗಿಸಬಹುದು. ಇವನ್ನು ನೀವಾಗಿ ನಿಲ್ಲಿಸಬೇಡಿ. ‘ನಾನು ಬಿಸಿಲಿನಲ್ಲಿ ದುಡಿಯುವವನು’ ಎಂದು ಚೀಟಿ ಬರೆಸುವಾಗಲೇ ಡಾಕ್ಟರಿಗೆ ಹೇಳಿ.

ನೀರಿನ ವಿಷಯಕ್ಕೆ ಬರೋಣ. ಬಾಯಾರಿಕೆಗೆ ಕಾಯದೆ ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಂದು ಲೋಟ ಕುಡಿಯಿರಿ. ಒಮ್ಮೆಲೇ ಬಿಂದಿಗೆ ಎತ್ತಬೇಡಿ, ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ ಬಹಳ ಒಳ್ಳೆಯದು. ತೆಂಗಿನ ಸೀಮೆಯವರಾದ ನಾವು ಎಳನೀರೇ ಸಾಕೆನ್ನುತ್ತೇವೆ. ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ, ಬೆವರಿನಲ್ಲಿ ಹೋದ ಸೋಡಿಯಂ ಕಡಿಮೆ. ಜೊತೆಗೆ ಉಪ್ಪಿನ ಊಟ ಇರಲಿ. ಕಿಡ್ನಿ, ಹೃದಯದ ಕಾಯಿಲೆಯವರು ಮಾತ್ರ ನೀರು, ಉಪ್ಪು, ಎಳನೀರು ಮೂರನ್ನೂ ಕೇಳಿಯೇ ಕುಡಿಯಬೇಕು. ಮರೆಯಾದ ಜಾಗವಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದೆ ದುಡಿಯುವ ತಾಯಂದಿರು ಈ ಸಭೆಯಲ್ಲೇ ಇದ್ದಾರೆ. ಅವರಿಗೆ ‘ನೀರು ಕುಡಿಯಿರಿ’ ಎಂದು ಉಪದೇಶ ಮಾಡಿ ಏನು ಪ್ರಯೋಜನ? ಕೆಲಸ ಮಾಡಿಸುವವರು ನಾಲ್ಕು ಕಂಬ ನೆಟ್ಟು ತಾಟು ಕಟ್ಟಿಸಬೇಕು.

ಕೈಕಾಲು ಸೆಳೆತ, ತಲೆಸುತ್ತು, ವಾಕರಿಕೆ, ಕಣ್ಣು ಕತ್ತಲೆ ಬರುವುದು ಮೊದಲ ಸೂಚನೆಗಳು. ಆಗಲೇ ಕೆಲಸ ನಿಲ್ಲಿಸಿ, ನೆರಳಿನಲ್ಲಿ ಮಲಗಿಸಿ, ಓ.ಆರ್.ಎಸ್. ಅಥವಾ ಮಜ್ಜಿಗೆ ಕುಡಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಕರೆತನ್ನಿ. ಆದರೆ ಮಾತು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಕುಡಿದವರಂತೆ ತೂರಾಡಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ಒಳಗಿನ ಕಾವು 40 ಡಿಗ್ರಿ ದಾಟಿ ಮಿದುಳು ಬೇಯುತ್ತಿದೆ ಎಂದು ತಿಳಿಯಿರಿ. ‘ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದಾನೆ’ ಎಂದು ಮರದಡಿ ಬಿಟ್ಟುಹೋಗಬೇಡಿ. ‘ಇನ್ನೂ ಬೆವರುತ್ತಿದ್ದಾನಲ್ಲ’ ಎಂದೂ ಧೈರ್ಯ ತಂದುಕೊಳ್ಳಬೇಡಿ, ದುಡಿಯುತ್ತಾ ಬಿದ್ದವರ ಮೈಯಲ್ಲಿ ಬೆವರು ಇರುವುದುಂಟು.

ಇಂಥವರನ್ನು ಕರೆತರುವಾಗ ನಾವು ನೋಡುವುದೇನು? ಆಟೋದ ಹಿಂದಿನ ಸೀಟು, ಮೈತುಂಬ ಕಂಬಳಿ, ಬಾಯಿಗೆ ಒತ್ತಿ ಹಿಡಿದ ನೀರಿನ ಲೋಟ, ದಾರಿಯಲ್ಲಿ ನುಂಗಿಸಿದ ಜ್ವರದ ಮಾತ್ರೆ. ಎಲ್ಲವೂ ಪ್ರೀತಿಯಿಂದ ಮಾಡಿದ್ದೇ, ಎಲ್ಲವೂ ತಪ್ಪು. ಕಾದ ಮೈಗೆ ತಣ್ಣೀರು ಬಿದ್ದರೆ ಸನ್ನಿಯಾಗುತ್ತದೆ ಎಂಬ ಭಯದಲ್ಲಿ ಜೀವ ಉಳಿಸುವ ಅರ್ಧ ಗಂಟೆ ಹೋಗಿಬಿಡುತ್ತದೆ. ತಣ್ಣೀರಿನಿಂದ ಸನ್ನಿಯಾಗುವುದಿಲ್ಲ. ಆ ಸನ್ನಿ ಬಿಸಿಯಿಂದ ಆಗಲೇ ಆಗಿದೆ, ತಣ್ಣೀರು ಅದಕ್ಕೆ ಔಷಧಿ.

ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಅಲ್ಲೇ ಬಟ್ಟೆ ಸಡಿಲಿಸಿ ತಣಿಸಲು ಶುರುಮಾಡಿ. ಪಂಪ್‌ಸೆಟ್ ಹತ್ತಿರವಿದ್ದರೆ ಅದರ ನೀರಿನ ಕೆಳಗೆ ಮಲಗಿಸಿ. ದನಕ್ಕೆ ನೀರು ಕುಡಿಸುವ ತೊಟ್ಟಿಯಿದ್ದರೆ ಕುತ್ತಿಗೆಯವರೆಗೆ ಮುಳುಗಿಸಿ, ತಲೆಯನ್ನು ಒಬ್ಬರು ಬಿಡದೆ ಎತ್ತಿ ಹಿಡಿದಿರಬೇಕು. ಏನೂ ಇಲ್ಲವೇ, ಬಿಂದಿಗೆಯಿಂದ ಸುರಿಯುತ್ತಲೇ ಇರಿ, ಟವೆಲ್‌ನಿಂದ ಬೀಸಿ. ಐಸ್ ಸಿಕ್ಕರೆ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿ ಇಡಿ. ಎಚ್ಚರವಿಲ್ಲದವರ ಬಾಯಿಗೆ ಹನಿ ನೀರೂ ಬೇಡ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ವಾಂತಿಯಾದರೆ ಮಗ್ಗುಲಿಗೆ ತಿರುಗಿಸಿ. ಪ್ಯಾರಸಿಟಮಾಲ್ ಈ ಕಾವಿಗೆ ಕೆಲಸ ಮಾಡುವುದಿಲ್ಲ, ಏಕೆಂದರೆ ಇದು ಜ್ವರವಲ್ಲ. ಗಾಡಿ ಬಂದ ಮೇಲೆ ದಾರಿಯಲ್ಲೂ ಒದ್ದೆ ಬಟ್ಟೆ, ತೆರೆದ ಕಿಟಕಿ ಇರಲಿ.

ಚೇತರಿಸಿಕೊಂಡವರ ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಬನ್ನಿ, ಸ್ನಾಯು ಕರಗಿ ಕಿಡ್ನಿಗೆ ಪೆಟ್ಟಾಗುತ್ತಿರುವ ಲಕ್ಷಣವಿರಬಹುದು.

ಇಲ್ಲಿಗೆ ತಲುಪಿದ ಕೂಡಲೇ ಎಷ್ಟು ಹೊತ್ತಿಗೆ ಬಿದ್ದರು, ಎಷ್ಟು ಹೊತ್ತಿಗೆ ನೀರು ಸುರಿಯಲು ಶುರುಮಾಡಿದಿರಿ, ದಿನಾ ಯಾವ ಮಾತ್ರೆ ನುಂಗುತ್ತಾರೆ ಎಂಬುದನ್ನು ನರ್ಸಮ್ಮನಿಗೆ ಹೇಳಿ. ಸೀಟು ಒದ್ದೆಯಾಯಿತೆಂದು ಆಟೋದವರು ಗೊಣಗಬಹುದು. ವಾರ್ಡಿನ ನೆಲ ಒದ್ದೆ ಮಾಡಿದ್ದಕ್ಕೆ ಇಲ್ಲಿ ಯಾರೂ ಬಯ್ಯುವುದಿಲ್ಲ.