ಯಾತ್ರೆಯಿಂದ ತಂದದ್ದು

ವಿದೇಶಯಾತ್ರೆಯೆಂಬುದು ನಮ್ಮಂಥ ಸಂಸಾರಿಗಳಿಗೆ ದುಡಿಮೆಯ ನಡುವಣ ಸಣ್ಣ ಬಿಡುವು. ಹೊರಡುವಾಗ ಕಚೇರಿಯ ಕಡತ. ಮರಳಿದ ಮೇಲೂ ಅದೇ ಕಡತ. ಆ ಬಿಡುವಿನಿಂದ ಮನೆಗೆ ತರತಕ್ಕದ್ದೇನು?

ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರ ಮಹಾಪ್ರದರ್ಶನಕ್ಕಾಗಿ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸನ್ನು, 1854ರಲ್ಲಿ ಅದೇ ನಗರದ ದಕ್ಷಿಣಕ್ಕಿರುವ ಸಿಡನ್‌ಹ್ಯಾಂ ಗುಡ್ಡದ ಮೇಲೆ ಮೊದಲಿಗಿಂತ ವಿಸ್ತಾರವಾಗಿ ನಿಲ್ಲಿಸಿದರು. 1936ರಲ್ಲಿ ಅದು ಅಗ್ನಿಗೆ ಆಹುತಿಯಾಯಿತು. ನಾನು ಕಂಡದ್ದು ಕಲ್ಲಿನ ಜಗತಿ, ಮೆಟ್ಟಿಲುಗಳು, ಯಾರನ್ನೋ ಕಾಯುವಂತೆ ಕುಳಿತ ಸ್ಫಿಂಕ್ಸ್ ವಿಗ್ರಹಗಳು, ಇಷ್ಟೇ.

ಆ ಬಯಲಿನಲ್ಲಿ ನೆನಪಾದದ್ದು ನಮ್ಮ ಬೆಂಗಳೂರಿನ ಲಾಲ್‌ಬಾಗು. ಅಲ್ಲಿನ ಗಾಜಿನ ಮನೆ ಆ ಅರಮನೆಯಿಂದಲೇ ಸ್ಫೂರ್ತಿ ಪಡೆದದ್ದು. ಅದಕ್ಕೆ ಅಸ್ತಿಭಾರ ಬಿದ್ದದ್ದು 1889ರಲ್ಲಿ. ಹಿರಿದು ಬೂದಿಯಾಯಿತು, ಕಿರಿದು ಉಳಿದಿದೆ. ಫಲಪುಷ್ಪ ಪ್ರದರ್ಶನಕ್ಕೆ ಜನ ಅದರೊಳಗೆ ಕಿಕ್ಕಿರಿಯುತ್ತಾರೆ. ಉಳಿದ ದಿನಗಳಲ್ಲಿ ನಾವು ವಾಯುಸೇವನೆ ಮಾಡುತ್ತ, ತರಕಾರಿಯ ಬೆಲೆಯನ್ನು ಚರ್ಚಿಸುತ್ತ ಅದರ ಪಕ್ಕದಲ್ಲಿ ಸಾಗುತ್ತೇವೆ.

ನಿತ್ಯವೂ ಎದುರಿಗಿರುವುದು ಎಂದೆಂದಿಗೂ ಇರುವುದೆಂದು ನಂಬುವುದು ಮನುಷ್ಯಸ್ವಭಾವ. ಆ ಗುಡ್ಡದ ನೆರೆಹೊರೆಯವರೂ ಹಾಗೆಯೇ ನಂಬಿದ್ದಿರಬೇಕು. ಮಹನೀಯರೆ, ಯಾತ್ರೆಯಿಂದ ನಾನು ತಂದದ್ದು ಈ ಅಂಜಿಕೆಯೊಂದನ್ನೇ. ಇರುವುದನ್ನು ಇರುವಾಗಲೇ ಕಣ್ತುಂಬ ನೋಡಬೇಕು. ಅದು ಊರಿನ ಗಾಜಿನ ಮನೆಯಾಗಲಿ, ಮನೆಯ ಜಗಲಿಯಲ್ಲಿ ಕುಳಿತು ನಮ್ಮ ದಾರಿ ಕಾಯುವ ವೃದ್ಧ ತಾಯಿಯಾಗಲಿ.